ಇಬ್ಬರು ಹೊರಟಾಗ ಮುನ್ನೂರೈವತ್ತೋ ಐನೂರೋ

ಹುಬ್ಬಳ್ಳಿಯ ಗೋಪನಕೊಪ್ಪದಿಂದ ಇಬ್ಬರು ಒಂದೇ ಮೋಟಾರ್‌ಸೈಕಲ್ ಏರಿ ದೂರದ ಊರಿಗೆ ಹೊರಟರೆ ಅವರ ಮುಂದೆ ಎರಡು ಬಗೆಯ ಹಾದಿಗಳಿವೆ. ಗದಗ, ಕೊಪ್ಪಳಗಳನ್ನು ದಾಟಿ ಹಂಪಿಯತ್ತ ಬಯಲುಸೀಮೆಯಲ್ಲಿ ಸಾಗುವ ಹಾದಿ ಒಂದಾದರೆ, ಕಲಘಟಗಿ, ಯಲ್ಲಾಪುರಗಳ ಮೂಲಕ ಅರಬೈಲ್ ಘಟ್ಟವಿಳಿದು ಅಂಕೋಲೆಯ ಕಡಲನ್ನು ಮುಟ್ಟುವ ಹಾದಿ ಇನ್ನೊಂದು. ಹಳೆಯ ಬುಲೆಟ್ ಕೊಳ್ಳುವವರು 350 ಸಿಸಿ ಒಳ್ಳೆಯದೋ 500 ಸಿಸಿ ಒಳ್ಳೆಯದೋ ಎಂದು ಕೇಳುವ ಪ್ರಶ್ನೆಗೆ ಉತ್ತರ, ಇವುಗಳಲ್ಲಿ ಯಾವ ಹಾದಿಯಲ್ಲಿ ಹೆಚ್ಚು ಓಡಾಟವಿದೆ ಎಂಬುದರಲ್ಲಿ ಬಹುಮಟ್ಟಿಗೆ ಅಡಗಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿ ಯೆಜ್ದಿ ಗಾಡಿಗಳ ತಯಾರಿಕೆ ನಿಂತ ಮೇಲೆ, ಹಳೆಯ ಕಾಲದ ಗತ್ತು ಬಯಸುವವರಿಗೆ ಹೆಚ್ಚಾಗಿ ಉಳಿದದ್ದು ರಾಯಲ್ ಎನ್‌ಫೀಲ್ಡ್. ಜನ ಬುಲೆಟ್ ಎಂದೇ ಕರೆಯುವ, 2009ರಲ್ಲಿ ಬಂದ ಕ್ಲಾಸಿಕ್ ಮಾದರಿ ಎರಡೂ ಗಾತ್ರಗಳಲ್ಲಿ ದೊರೆಯುತ್ತಿತ್ತು. ಸಿಸಿ ಎಂದರೆ ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಸರಿಯುವಾಗ ಸಿಲಿಂಡರಿನಲ್ಲಿ ಕ್ರಮಿಸುವ ಜಾಗದ ಘನ ಅಳತೆ. ಎರಡೂ ಎಂಜಿನ್‌ಗಳಲ್ಲಿ ಪಿಸ್ಟನ್ ಸರಿಯುವ ದೂರ 90 ಮಿಲಿಮೀಟರ್. ಸಿಲಿಂಡರಿನ ವ್ಯಾಸ ಮಾತ್ರ ಒಂದರಲ್ಲಿ 70, ಇನ್ನೊಂದರಲ್ಲಿ 84 ಮಿಲಿಮೀಟರ್.

ಈ 14 ಮಿಲಿಮೀಟರಿನ ಪರಿಣಾಮ ಟಾರ್ಕ್‌ನಲ್ಲಿ, ಅಂದರೆ ಚಕ್ರವನ್ನು ತಿರುಗಿಸುವ ಬಲದಲ್ಲಿ ಕಾಣುತ್ತದೆ. ಕ್ಲಾಸಿಕ್ 350ರ ಟಾರ್ಕ್ 28 ನ್ಯೂಟನ್ ಮೀಟರ್, 500ರದು 41.3, ಗಾಡಿಗಳ ತೂಕವಾದರೋ ಹೆಚ್ಚುಕಡಿಮೆ ಒಂದೇ, ಸುಮಾರು 190 ಕಿಲೊ. ಇಬ್ಬರು ಸವಾರರು ಮತ್ತು ಎರಡು ಚೀಲ ಸೇರಿ 150 ಕಿಲೊ ಎಂದು ಹಿಡಿದರೆ ಎಂಜಿನ್ ಎಳೆಯಬೇಕಾದ ಭಾರ 340 ಕಿಲೊ ಆಗುತ್ತದೆ. ಗದಗದ ದಾರಿಯಲ್ಲಿ ಒಮ್ಮೆ ವೇಗ ಹಿಡಿದ 350ಕ್ಕೆ ಈ ಭಾರ ದೊಡ್ಡದಲ್ಲ. ಆದರೆ ಅಂಕೋಲೆಯಿಂದ ಮರಳುವಾಗ ಅರಬೈಲಿನ ತಿರುವೊಂದರಲ್ಲಿ ಲೋಡ್ ಲಾರಿಯ ಹಿಂದೆ ನಿಧಾನಿಸಿ ಮತ್ತೆ ಏರಬೇಕಾದಾಗ 350ರ ಸವಾರ ಗೇರ್ ಇಳಿಸಿ ಎಂಜಿನ್ನನ್ನು ಕೂಗಿಸಬೇಕಾಗುತ್ತದೆ. 500 ಅದೇ ಏರನ್ನು ಮೇಲಿನ ಗೇರಿನಲ್ಲೇ ಎಳೆದುಕೊಂಡು ಹೋಗುವುದುಂಟು. ಇಳಿಯುವಾಗಲೂ ದೊಡ್ಡ ಎಂಜಿನ್ನಿನ ಉಪಕಾರವಿದೆ. ಆಕ್ಸಿಲರೇಟರ್ ಬಿಟ್ಟೊಡನೆ ಎಂಜಿನ್ ತಾನೇ ಚಕ್ರವನ್ನು ತಡೆಯುವುದಕ್ಕೆ ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ. 500ರಲ್ಲಿ ಈ ತಡೆ ಹೆಚ್ಚು, ಆದ್ದರಿಂದ ಬ್ರೇಕ್ ಕಾಯುವುದು ಕಡಿಮೆ.

ಹಾಗೆಂದು 500 ಎಲ್ಲರಿಗೂ ತಕ್ಕದ್ದಲ್ಲ. ಒಂದೇ ದೊಡ್ಡ ಪಿಸ್ಟನ್ನಿನ ನಡುಕ ಹಿಂಬದಿ ಸವಾರರ ಪಾದಗಳಿಗೆ ನೇರವಾಗಿ ತಟ್ಟುತ್ತದೆ, ಪೆಟ್ರೋಲ್ ಕೂಡ ಹೆಚ್ಚು ಬೇಕು. 2020ಕ್ಕಿಂತ ಹಿಂದಿನ 350ರಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಬುರೇಟರನ್ನು ಕಲಘಟಗಿಯ ಮೆಕ್ಯಾನಿಕ್ಕೂ ಬಿಚ್ಚಿ ತೊಳೆದು ಕೊಡಬಲ್ಲ. ಪೆಟ್ರೋಲನ್ನು ವಿದ್ಯುನ್ಮಾನದಿಂದ ಅಳೆದು ಚಿಮ್ಮಿಸುವ 500ರ ಇಂಜೆಕ್ಷನ್ ವ್ಯವಸ್ಥೆ ದಾರಿಯಲ್ಲಿ ಕೈಕೊಟ್ಟರೆ ಅದನ್ನು ಪರೀಕ್ಷಿಸುವ ಉಪಕರಣ ಬೇಕು. ಭಾರತ್ ಸ್ಟೇಜ್ 6 ಹೊಗೆ ನಿಯಮಗಳು 2020ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ದೇಶದ ಮಾರುಕಟ್ಟೆಯಿಂದ 500 ಮರೆಯಾದ್ದರಿಂದ, ಅದಕ್ಕೇ ಮೀಸಲಾದ ಬಿಡಿಭಾಗಗಳ ವಿಚಾರವನ್ನೂ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಜಾಣತನ.

ಸಿಸಿಯ ಚರ್ಚೆಯಲ್ಲಿ ಹಿಂದೆ ಕೂರುವವರನ್ನೇ ಮರೆಯುವುದು ಸಾಮಾನ್ಯ, ಅದು ದೊಡ್ಡ ತಪ್ಪು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೆಯ ನಿಯಮವು ಹಿಂಬದಿ ಸವಾರರಿಗೆ ಕೈಹಿಡಿ, ಕಾಲಿಡುವ ಮೆಟ್ಟು, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚುವ ಕಾಪು ಇರಬೇಕೆನ್ನುತ್ತದೆ. ಸೀರೆ, ದುಪಟ್ಟಾ ಸಿಕ್ಕಿಕೊಳ್ಳದಂತೆ ಕಾಯುವುದು ಈ ಜಾಲರಿಯೇ. ಹಳೆಯ ಗಾಡಿಗಳಲ್ಲಿ ಅಂದಕ್ಕಾಗಿ ಮೊದಲು ಬಿಚ್ಚಿಸುವುದೂ ಇದನ್ನೇ. ಕ್ಲಾಸಿಕ್‌ನ ಬಿಡಿ ಸೀಟಿನ ಹಿಂಭಾಗ ಚಿಕ್ಕದು, ಎರಡು ತಾಸಿನ ಪಯಣದ ನಂತರ ಸೊಂಟ ಅದನ್ನು ಹೇಳುತ್ತದೆ. ಅಗಲವಾದ ಉದ್ದ ಸೀಟು, ಇಬ್ಬರ ಭಾರಕ್ಕೆ ಬಿಗಿಗೊಳಿಸಿದ ಹಿಂದಿನ ಶಾಕ್ ಅಬ್ಸಾರ್ಬರ್ ಹಾಗೂ ಕೈಪಿಡಿ ಹೇಳಿದಷ್ಟು ಗಾಳಿಯಿರುವ ಟೈರು ಕೊಡುವ ಸುಖವನ್ನು ಹೆಚ್ಚುವರಿ 150 ಸಿಸಿ ಕೊಡಲಾರದು.

ನೋಂದಣಿಯ 15 ವರ್ಷದ ಅವಧಿ ಮುಗಿದ ಗಾಡಿಯನ್ನು ತಪಾಸಣೆಗೊಳಪಡಿಸಿ ನೋಂದಣಿ ನವೀಕರಿಸಬೇಕಾಗುವುದರಿಂದ ಆರ್‌ಸಿಯ ದಿನಾಂಕವನ್ನು ಮೊದಲು ನೋಡಬೇಕು. ತಿಂಗಳಿಗೊಮ್ಮೆಯಾದರೂ ಯಲ್ಲಾಪುರದಾಚೆ ಇಳಿಯುವ ಜೋಡಿಗೆ ಸುಸ್ಥಿತಿಯಲ್ಲಿರುವ 500 ತಕ್ಕದ್ದು. ವರ್ಷಕ್ಕೆರಡು ಸಲ ಹಂಪಿ, ಬಾದಾಮಿ ನೋಡಿಬರುವವರಿಗೆ 350 ಸಾಕು. ಯಾವುದನ್ನೇ ಆರಿಸಲಿ, ಮುಂಗಡ ಕೊಡುವ ಮೊದಲು ಹಿಂದೆ ಕೂರುವವರನ್ನು ಕರೆದೊಯ್ದು, ಇಬ್ಬರೂ ಕೂತು ಧಾರವಾಡದವರೆಗಾದರೂ ಓಡಿಸಿ ನೋಡಬೇಕು.