ಕೋಶಕೇಂದ್ರದ ಅಂಚಿನಲ್ಲೊಂದು ಸ್ಥಾನಪಲ್ಲಟ

ಸೂಜಿಮೊನೆಗಿಂತ ಕಿರಿದಾದ ಕೋಶಕೇಂದ್ರದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಅಡಗಿದೆಯೆಂಬುದನ್ನು ನಾವೆಲ್ಲ ಓದಿದ್ದೇವೆ. ಅದು ಅಲ್ಲಿ ಅಸ್ತವ್ಯಸ್ತವಾಗಿ ಬಿದ್ದಿಲ್ಲ. ಕೇಂದ್ರದ ಒಳಪೊರೆಗೆ ಆತುಕೊಂಡು ಲ್ಯಾಮಿನ್ ಎಂಬ ಪ್ರೋಟೀನುಗಳ ಬಲೆಯಿದೆ. ಬಹುಮಟ್ಟಿಗೆ ಮೌನವಾಗಿರುವ ವಂಶವಾಹಿಗಳು ಅದಕ್ಕೆ ಅಂಟಿಕೊಂಡಿರುತ್ತವೆ.

ಕೋಶವಿಭಜನೆಯ ವೇಳೆ ಲ್ಯಾಮಿನ್‌ಗಳಿಗೆ ಫಾಸ್ಫೇಟ್ ಸೇರಿ ಬಲೆ ಕಳಚುತ್ತದೆ, ಪೊರೆ ಒಡೆಯುತ್ತದೆ. ಬಳಿಕ ಎರಡೂ ಮರಿಕೋಶಗಳಲ್ಲಿ ಬಲೆ ಮತ್ತೆ ಹೆಣೆದುಕೊಳ್ಳುತ್ತದೆ. ಹಳೆಯ ನೆರೆಹೊರೆಯೇ ಮರಳುವುದೇ? ಪಠ್ಯಪುಸ್ತಕದ ಚಿತ್ರಗಳು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಮರಳುವುದಿಲ್ಲವೆಂದು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು: ಅಂಚಿನಲ್ಲಿದ್ದ ಭಾಗಗಳಲ್ಲಿ ಕೆಲವು ಅಂಚಿಗೇ ಬಂದರೆ, ಹಲವು ಒಳಗೇ ಉಳಿಯುತ್ತವೆ. ಡಿಎನ್‌ಎ ಒಂದೇ, ವಿನ್ಯಾಸ ಬೇರೆ.

ಈ ಬಲೆಯೇ ಕೆಟ್ಟರೆ? ಲ್ಯಾಮಿನ್-ಎ ವಂಶವಾಹಿಯ ಒಂದೇ ಅಕ್ಷರದ ದೋಷವು ಮಕ್ಕಳಿಗೆ ಅಕಾಲ ವೃದ್ಧಾಪ್ಯದಂತಹ ಪ್ರೊಜೀರಿಯಾ ರೋಗವನ್ನು ತರುವುದೆಂದು 2003ರಲ್ಲಿ ತಿಳಿಯಿತು. 2020ರಲ್ಲಿ ಅಮೆರಿಕವು ಲೋನಾಫಾರ್ನಿಬ್ ಎಂಬ ಔಷಧಕ್ಕೆ ಅನುಮತಿಯಿತ್ತಿತು. ಅದು ರೋಗವನ್ನು ನೀಗದು, ಆಯುಷ್ಯವನ್ನು ಮಾತ್ರ ತುಸು ಹಿಗ್ಗಿಸುತ್ತದೆ.