ತಾಂಡೂರು ಕಲ್ಲಿನ ಸೀಮೆಗೆ ಮೇಪಲ್ ಹಲಗೆ

ಹೈದರಾಬಾದಿನ ಉಪ್ಪಲ್ ಕಡೆಯ ಹಳೆಯ ಮನೆಗಳ ನೆಲವೆಂದರೆ ತಾಂಡೂರು ಕಲ್ಲು, ಇಲ್ಲವೇ ನಮ್ಮ ಕಲಬುರಗಿ ಸೀಮೆಯ ಶಹಾಬಾದಿ ಕಲ್ಲು. ಮೆಟ್ರೊ ಬಂದ ಮೇಲೆ ಇಲ್ಲಿ ಫ್ಲ್ಯಾಟ್ ಕೊಂಡವರು ಮರದ ನೆಲದ ಆಸೆಯನ್ನೂ ಇಟ್ಟುಕೊಂಡಿದ್ದಾರೆ. ಹಾಲುಬಿಳುಪಿನ ಮೇಪಲ್ ಹಲಗೆ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ಈ ಮರ ನೆಲಕ್ಕಿಳಿದದ್ದು ತಡವಾಗಿ. ಅಮೆರಿಕದ ಮಹಾಸರೋವರಗಳ ಸುತ್ತಣ ಕಾಡಿನಲ್ಲಿ ಮೊದಲು ಕೊಡಲಿ ಬಿದ್ದದ್ದು ಪೈನ್ ಮರಕ್ಕೆ. ದಿಮ್ಮಿಯನ್ನು ಹೊಳೆಗೆ ನೂಕಿದರೆ ಸಾಕು, ತೇಲುತ್ತ ಸಾಮಿಲ್ ಸೇರುತ್ತಿತ್ತು. ಮೇಪಲ್ ಹಾಗಲ್ಲ, ಭಾರದ ಮರ. ಹೊಳೆಯನ್ನು ನಂಬಿ ಸಾಗಿಸುವಂತಿರಲಿಲ್ಲ. ಪೈನ್ ತೀರುತ್ತ ಬಂದು, ಕಾಡಿನೊಳಕ್ಕೆ ರೈಲು ಹಳಿ ಹೋದ ಮೇಲೆಯೇ ಅದರ ಸರದಿ ಬಂತು. 1891ರಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟ ಹುಟ್ಟುಹಾಕಿದರು. 1897ರಲ್ಲಿ ಮೇಪಲ್ ನೆಲಹಾಸು ತಯಾರಕರು ಸಂಘ ಕಟ್ಟಿಕೊಂಡರು. ಆಟದ ಅಂಗಣಕ್ಕೆ ಮೇಪಲ್ ನೆಲವೇ ರೂಢಿಯಾಗಿ, ಆಟ ಹರಡಿದಂತೆ ಹಲಗೆಯೂ ಹರಡಿತು.

ಅದಕ್ಕೆ ಕಾರಣ ಮರದ ಒಳಗೇ ಇದೆ. ಓಕ್‌ನಲ್ಲಿ ಬರಿಗಣ್ಣಿಗೆ ಕಾಣುವ ರಂಧ್ರಗಳು ಮೇಪಲ್‌ನಲ್ಲಿ ತೀರ ಸಣ್ಣವು, ಎಲ್ಲೆಡೆ ಸಮನಾಗಿ ಹರಡಿದಂಥವು. ಹಾಗಾಗಿ ಸಿಬಿರು ಏಳುವುದು ಕಡಿಮೆ, ಧೂಳು ಕೂರುವುದೂ ಕಡಿಮೆ. ಗಡಸುತನ ಅಳೆಯಲು ಸುಮಾರು 11.3 ಮಿ.ಮೀ. ಅಗಲದ ಉಕ್ಕಿನ ಗುಂಡನ್ನು ಅರ್ಧ ಮುಳುಗುವವರೆಗೆ ಮರಕ್ಕೆ ಒತ್ತುತ್ತಾರೆ. ಗಟ್ಟಿ ಮೇಪಲ್‌ಗೆ ಸುಮಾರು 650 ಕಿಲೋ ಭಾರ ಬೇಕು. ತೇಗಕ್ಕೆ 500ರೊಳಗೇ ಸಾಕು.

ಇಷ್ಟು ಗಟ್ಟಿಯಾದರೂ ನೀರಿನ ಪಸೆಗೆ ಅದು ತೇಗಕ್ಕಿಂತ ಹೆಚ್ಚು ಅಲುಗುತ್ತದೆ. ಉಪ್ಪಲ್‌ನ ಏಪ್ರಿಲ್ ಬಿಸಿಲಿಗೆ ಸಂದು ಬಿಡುತ್ತದೆ, ಆಗಸ್ಟ್‌ನ ಥಂಡಿಗೆ ಉಬ್ಬಿ ಅಂಚು ಏಳುತ್ತದೆ. ಗೆದ್ದಲಿಗೂ ತೇಗದಷ್ಟು ತಡೆಯದು. ತಯಾರಕರ ಸಂಘ ಹೇಳುವುದು, ಕೋಣೆಯ ಆರ್ದ್ರತೆ ವರ್ಷವಿಡೀ ಶೇ 35ರಿಂದ 50ರೊಳಗಿರಬೇಕೆಂದು. ಏಸಿ ನಿಲ್ಲದ ಒಳಾಂಗಣ ಕ್ರೀಡಾಂಗಣಕ್ಕೆ ಅದು ಸಾಧ್ಯ. ಬಾಲ್ಕನಿ ಬಾಗಿಲು ತೆರೆದಿಡುವ ಮನೆಗೆ ಕಷ್ಟ. ಅಂಥ ಮನೆಗೆ ಪ್ಲೈವುಡ್ ಮೇಲೆ ಮೇಪಲ್‌ನ ತೆಳು ಪದರ ಅಂಟಿಸಿದ ಹಲಗೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನೂ ತಂದ ದಿನವೇ ಹಾಸಬಾರದು. ಕೆಲವು ದಿನ ಅದೇ ಕೋಣೆಯಲ್ಲಿಟ್ಟು ಗಾಳಿಗೆ ಒಗ್ಗಿಸಬೇಕು. ಹಾಸುವಾಗ ಗೋಡೆಯಂಚಿನಲ್ಲಿ ಬೆರಳಗಲ ಜಾಗ ಬಿಟ್ಟು, ಸ್ಕರ್ಟಿಂಗ್ ಪಟ್ಟಿಯಿಂದ ಮುಚ್ಚಬೇಕು.