ಧಾರಾವಿಯ ರಾಪ್ ತಂಡದ ವಿಕಿಪೀಡಿಯ ಪುಟ: ಎಡಿಟ್ ಒತ್ತೋ ಮುಂಚೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಹಾರ್ಬರ್ ಲೈನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗೆ ಈ ವಾರದ ಮಾತಿನ ಬರಹ ಇಲ್ಲಿದೆ.

ಆಫೀಸಿಗೆ ಹತ್ತಿರ ಅಂತ ಆಂಟಾಪ್ ಹಿಲ್, ವಡಾಲ ಕಡೆ ಮನೆ ಮಾಡಿರೋ ಕನ್ನಡದವರು ನಮ್ಮಲ್ಲಿ ಇದ್ದೀರಿ. ಅಲ್ಲಿಂದ ಸಯನ್ ದಾಟಿದ್ರೆ ಧಾರಾವಿ. ಅಲ್ಲಿನ 'ಡೋಪಡೆಲಿಕ್ಸ್' ತಂಡ ಹಿಂದಿ, ಮರಾಠಿ, ತಮಿಳು, ಇಂಗ್ಲಿಷ್ ಎಲ್ಲದರಲ್ಲೂ ರಾಪ್ ಮಾಡುತ್ತೆ. 2018ರ ರಜನಿಕಾಂತ್ ಚಿತ್ರ 'ಕಾಲಾ'ದ ಹಾಡುಗಳಲ್ಲಿ ಇವರ ದನಿ ಇದೆ. ಮುಂಬೈಯದೇ ಇನ್ನೊಂದು ಬಹುಭಾಷಾ ತಂಡ 'ಸ್ವದೇಸಿ'. ಇಂಥ ತಂಡದ ಬಗ್ಗೆ ವಿಕಿಪೀಡಿಯದಲ್ಲಿ ಬರೆಯೋದು ಹೇಗೆ? ಇವತ್ತಿನ ವಿಷಯ ಅದು.

ಸಾಫ್ಟ್‌ವೇರ್‌ನವರಿಗೆ ಅರ್ಧ ಪಾಠ ಆಗಲೇ ಗೊತ್ತು. ಪುಟದ 'ಇತಿಹಾಸ' ಅಂದ್ರೆ ಗಿಟ್ ಲಾಗ್ ಇದ್ದ ಹಾಗೆ. ಎಡಿಟ್ ಸಾರಾಂಶ ಅಂದ್ರೆ ಕಮಿಟ್ ಮೆಸೇಜ್. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ: ಸಾಮಾನ್ಯವಾಗಿ ಇಲ್ಲಿ ರಿವ್ಯೂ ಆಗೋ ಮೊದಲೇ ನಿಮ್ಮ ಬದಲಾವಣೆ ಪ್ರೊಡಕ್ಷನ್‌ಗೆ ಹೋಗಿಬಿಡುತ್ತೆ. ಯಾರಾದ್ರೂ ಅದನ್ನ ತೆಗೆದ್ರೆ ಜಗಳಕ್ಕೆ ಇಳಿಯದೆ ಚರ್ಚೆ ಪುಟಕ್ಕೆ ಹೋಗಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸ ಅಳಿಸಿದ್ರೆ ಖಾತೆಗೆ ತಡೆ ಬೀಳಬಹುದು.

ಮೊದಲ ತೊಡಕು ಮೂಲದ್ದು. ರಾಪ್ ಮಾಡೋ ಹುಡುಗ ನಿಮ್ಮ ಪಕ್ಕದ ಚಾಳಿನವನೇ ಇರಬಹುದು, ಅವನ ಮನೆಮಾತು ನಿಮಗೆ ಗೊತ್ತಿರಬಹುದು. ಆದರೂ ಅಚ್ಚಾದ, ನಂಬಬಹುದಾದ ಮೂಲ ಇಲ್ಲದಿದ್ರೆ ಅದನ್ನ ಬರೆಯೋ ಹಾಗಿಲ್ಲ. ಹಾಡು ಕೇಳಿ 'ಇದು ಇಂಥ ಜಾತಿಯ ನೋವಿನ ಹಾಡು' ಅಂತ ನಾವೇ ತೀರ್ಮಾನ ಕೊಡೋದೂ 'ಸ್ವಂತ ಸಂಶೋಧನೆ' ಅನ್ನಿಸಿಕೊಳ್ಳುತ್ತೆ. ಹಲವು ಭಾಷೆ, ಹಲವು ಧರ್ಮದವರು ಇರೋ ತಂಡದಲ್ಲಿ ಈ ನಿಯಮಕ್ಕೆ ಇನ್ನೂ ಹೆಚ್ಚು ಬೆಲೆ. ಹೆಸರು ನೋಡಿ ಧರ್ಮ ಊಹಿಸೋದು, ತಮಿಳಲ್ಲಿ ಹಾಡಿದ ಅಂತ ತಮಿಳಿಗ ಅನ್ನೋದು, ಎರಡೂ ಬೇಡ. ಜನ ತಮ್ಮ ಬಗ್ಗೆ ತಾವೇ ಬಹಿರಂಗವಾಗಿ ಹೇಳಿಕೊಂಡಿದ್ದನ್ನ ಮಾತ್ರ ಬರೆಯಿರಿ.

ಮೂಲ ಇಂಗ್ಲಿಷ್ ಪತ್ರಿಕೆಯೇ ಆಗಬೇಕು ಅಂತೇನಿಲ್ಲ. ಮರಾಠಿ, ತಮಿಳು, ಕನ್ನಡ ಪತ್ರಿಕೆಯ ವರದಿಯೂ ನಡೆಯುತ್ತೆ. ನಾವು ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲೇ. ಹೊರಗಿನ ಸಂಪಾದಕರು ಓದಲಾಗದ ವರದಿಯನ್ನ ನಾವು ಓದಿ, ತಾರೀಕು, ಪತ್ರಿಕೆ ಹೆಸರು ಸಮೇತ ಉಲ್ಲೇಖ ಹಾಕಬಹುದು. ಒಂದು ಎಚ್ಚರ: ಆ ವರದಿಯೇ ವಿಕಿಪೀಡಿಯದಿಂದ ಎತ್ತಿದ್ದಲ್ಲ ತಾನೇ ಅಂತ ತಾರೀಕು ಹೋಲಿಸಿ ನೋಡಿ.

ಎರಡನೆಯದು ನಿಷ್ಪಕ್ಷಪಾತ. ಸ್ವದೇಸಿಯ 2019ರ ಹಾಡು 'ದ ವಾರ್ಲಿ ರಿವೋಲ್ಟ್' ಆರೆ ಕಾಡಿನ ಆದಿವಾಸಿಗಳ ಪರ ಹಾಡಿದ್ದು. ಅಲ್ಲಿನ ಪ್ರಕಾಶ್ ಭೋಯಿರ್ ಕೂಡ ಅದರಲ್ಲಿದ್ದಾರೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಟ್ರೋ ಕಾರ್ ಶೆಡ್‌ಗಾಗಿ ರಾತ್ರೋರಾತ್ರಿ ಮರ ಕಡಿದರು. ನಮಗೆ ಸಿಟ್ಟು ಬಂದಿರಬಹುದು, ಆದರೆ ಪುಟದಲ್ಲಿ ನಮ್ಮ ಸಿಟ್ಟು ಬರಬಾರದು. ಹಾಡು ಏನು ಹೇಳಿತು, ಯಾರು ಏನಂದ್ರು ಅಂತ ಬರೆದ್ರೆ ಸಾಕು. ಹಾಡಿನ ಸಾಹಿತ್ಯವನ್ನ ಪೂರ್ತಿ ಅಂಟಿಸಬೇಡಿ, ಅದಕ್ಕೆ ಕೃತಿಸ್ವಾಮ್ಯ ಇದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. 2022ರ ಮಾರ್ಚ್‌ನಲ್ಲಿ ಸ್ವದೇಸಿಯ ಎಂಸಿ ತೋಡ್‌ಫೋಡ್, ಅಂದ್ರೆ ಧರ್ಮೇಶ್ ಪರ್ಮಾರ್, ತೀರಿಕೊಂಡರು. ಇನ್ನೂ 24 ವರ್ಷ, ಗುಜರಾತಿಯಲ್ಲಿ ರಾಪ್ ಮಾಡ್ತಿದ್ದವರು. ಇಂಥ ಹೊತ್ತಲ್ಲಿ ವಾಟ್ಸಾಪ್‌ನಲ್ಲಿ ಬಂದಿದ್ದೆಲ್ಲ ಪುಟಕ್ಕೆ ಬಂದು ಬೀಳೋ ಅಪಾಯ ಇರುತ್ತೆ. ಬದುಕಿರೋರ ಬಗ್ಗೆ ಇರೋ ಕಟ್ಟುನಿಟ್ಟು ಇತ್ತೀಚೆಗೆ ತೀರಿಕೊಂಡವರಿಗೂ ಅನ್ವಯಿಸುತ್ತೆ. ವಿವಾದದ ಮಾತಿಗೆ ಮೂಲ ಇಲ್ಲದಿದ್ರೆ 'ಉಲ್ಲೇಖ ಬೇಕು' ಅಂತ ಚೀಟಿ ಅಂಟಿಸಿ ಕಾಯೋದಲ್ಲ, ತಕ್ಷಣ ತೆಗೀಬೇಕು. ಆ ಪುಟವನ್ನ ಅವರ ಮನೆಯವರೂ ಓದ್ತಾರೆ.

ಇಷ್ಟೆಲ್ಲ ತಲೆನೋವು ಯಾಕೆ ಅಂದ್ರೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಮುಂಬೈ ಹಿಪ್‌ಹಾಪ್ ಅಂದ್ರೆ 2019ರ 'ಗಲ್ಲಿ ಬಾಯ್' ಸಿನಿಮಾ. ಆದರೆ ಡಿವೈನ್, ನೇಜಿ 'ಮೇರೆ ಗಲ್ಲಿ ಮೇ' ಹಾಡಿದ್ದು 2015ರಲ್ಲಿ. ಸಿನಿಮಾಕ್ಕಿಂತ ಮುಂಚಿನದನ್ನ ಯಾರೂ ಮೂಲ ಸಮೇತ ಬರೆದಿಡದಿದ್ರೆ, ನಾಳೆ ಹುಡುಕೋರಿಗೆ ಸಿಗೋದು ಸಿನಿಮಾದ ಕಥೆ ಮಾತ್ರ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಈ ಶನಿವಾರ ಲಾಗಿನ್ ಆಗಿ, ನಿಮ್ಮ ಪ್ರಯೋಗಪುಟದಲ್ಲಿ ಇಂಥ ಒಂದು ತಂಡದ ಬಗ್ಗೆ ಐದೇ ವಾಕ್ಯ ಬರೆಯಿರಿ, ಪ್ರತಿ ವಾಕ್ಯಕ್ಕೂ ಒಂದು ಉಲ್ಲೇಖ ಹಾಕಿ. ಉಲ್ಲೇಖ ಸಿಗದ ವಾಕ್ಯವನ್ನ ಅಳಿಸಿಬಿಡಿ. ಎರಡೇ ಉಳಿದ್ರೂ ಪರವಾಗಿಲ್ಲ, ಆ ಎರಡು ಗಟ್ಟಿಯಾಗಿರುತ್ತವೆ.